ಸೀವುಡ್ಸ್‌ಗೊಂದು ಲೋಲಕ

ಅಮ್ಮನ ಕಿವಿಯಲ್ಲಿ ಒಂದು ಜೊತೆ ಲೋಲಾಕು ಇದ್ದವು. ಕೆಂಪು ಹರಳಿನವು. ಅಮ್ಮ ಮೊಸರು ಕಡೆಯುವಾಗ, ತೆಂಗಿನಕಾಯಿ ತುರಿಯುವಾಗ, ಯಾರದೋ ಮಾತಿಗೆ ತಲೆಯಾಡಿಸುವಾಗ ಅವು ತಮ್ಮಷ್ಟಕ್ಕೆ ತೂಗುತ್ತಿದ್ದವು. ಅಮ್ಮ ನಿಂತರೂ ಅವು ಕೂಡಲೇ ನಿಲ್ಲುತ್ತಿರಲಿಲ್ಲ. ಇನ್ನಷ್ಟು ಹೊತ್ತು ಆಚೀಚೆ ಹೋಗಿ, ಸಾಕೆನಿಸಿದ ಮೇಲೆ ಸುಮ್ಮನಾಗುತ್ತಿದ್ದವು. ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು ಕರಿಹಲಗೆಯ ಮೇಲೆ ‘ಸರಳ ಲೋಲಕ’ ಎಂದು ಬರೆದ ದಿನ ನನಗೆ ಮೊದಲು ಕಂಡದ್ದು ಆ ಕೆಂಪು ಹರಳು. ದಾರಕ್ಕೆ ಕಟ್ಟಿದ ಗುಂಡಿಗೂ ಅಮ್ಮನ ಕಿವಿಗೂ ಒಂದೇ ಹೆಸರಿಟ್ಟ ನಮ್ಮ ಭಾಷೆಯ ಮೇಲೆ ಅಂದು ಹುಟ್ಟಿದ ಪ್ರೀತಿ ಇಂದಿಗೂ ಹಾಗೇ ಇದೆ.

ಆಮೇಲೆ ಮುಂಬಯಿಗೆ ಬಂದೆ. ಸೀವುಡ್ಸ್‌ನಲ್ಲಿ ಮನೆಯಾಯಿತು, ಕೋಟೆ ಭಾಗದಲ್ಲಿ ನೌಕರಿಯಾಯಿತು. ಇಪ್ಪತ್ತನಾಲ್ಕು ವರ್ಷ ಹಾರ್ಬರ್ ಲೈನಿನ ಲೋಕಲ್ ಗಾಡಿಯಲ್ಲಿ ಬೆಳಗ್ಗೆ ಒಂದು ತಾಸು, ಸಂಜೆ ಒಂದು ತಾಸು. ಜನ ಇಳಿದು ಡಬ್ಬಿ ಸ್ವಲ್ಪ ಖಾಲಿಯಾದಾಗ, ಮೇಲೆ ಸಾಲಾಗಿ ನೇತಾಡುವ ಹಿಡಿಕೆಗಳನ್ನು ನೋಡುತ್ತ ಕೂರುವುದು ನನಗೆ ರೂಢಿ. ಗಾಡಿ ಬ್ರೇಕು ಹಾಕಿದರೆ ಅಷ್ಟೂ ಹಿಡಿಕೆಗಳು ಒಟ್ಟಿಗೆ ಮುಂದಕ್ಕೆ ಬಾಗುತ್ತವೆ, ಹೊರಟರೆ ಒಟ್ಟಿಗೆ ಹಿಂದಕ್ಕೆ. ವಾಶಿಯ ಖಾಡಿ ಸೇತುವೆಯ ಮೇಲೆ ಕಣ್ಣು ಮುಚ್ಚಿಕೊಂಡಿದ್ದರೂ ಗಾಡಿ ತಿರುವು ತೆಗೆದುಕೊಂಡದ್ದು ಮೈಗೆ ತಿಳಿಯುತ್ತದೆ. ಇಷ್ಟು ಚಿಕ್ಕ ಓಟವನ್ನು ಮೈ ಹೀಗೆ ಗುರುತಿಸುತ್ತದೆ. ಸೀವುಡ್ಸ್ ಇರುವ ಅಕ್ಷಾಂಶದಲ್ಲಾದರೋ ಭೂಮಿ ತನ್ನ ಸುತ್ತ ತಿರುಗುತ್ತ ನಮ್ಮನ್ನು ಗಂಟೆಗೆ ಸುಮಾರು 1580 ಕಿ.ಮೀ. ವೇಗದಲ್ಲಿ ಪೂರ್ವಕ್ಕೆ ಹೊತ್ತೊಯ್ಯುತ್ತಿದೆ. ಅದಕ್ಕೆ ಒಂದು ಹಿಡಿಕೆಯೂ ಬಾಗುವುದಿಲ್ಲ. ಆ ಓಟಕ್ಕೆ ಬ್ರೇಕೂ ಇಲ್ಲ, ಹೊರಡುವುದೂ ಇಲ್ಲ. ಹಾಗಾಗಿ ಅದು ನಮ್ಮ ಅರಿವಿಗೆ ಬರುವುದೇ ಇಲ್ಲ.

ಇದೇ ಮಾತನ್ನು ಆರ್ಯಭಟ ದೋಣಿಯ ಹೋಲಿಕೆಯಲ್ಲಿ ಹೇಳಿದ. ಕ್ರಿ.ಶ. 499ರ ‘ಆರ್ಯಭಟೀಯ’ದ ಗೋಲಪಾದದಲ್ಲಿ ಆ ಹೋಲಿಕೆ ಬರುತ್ತದೆ. ದೋಣಿಯಲ್ಲಿ ಮುಂದೆ ಸಾಗುವವನಿಗೆ ದಡದ ಮೇಲಿರುವುದೆಲ್ಲ ಹಿಂದಕ್ಕೆ ಹೋದಂತೆ ಕಾಣುತ್ತದಲ್ಲ, ನಕ್ಷತ್ರಗಳು ಪಶ್ಚಿಮಕ್ಕೆ ಹೋಗುವುದೂ ಹಾಗೇ ಎಂಬ ಅರ್ಥ. ಗಂಗೊಳ್ಳಿಯಿಂದ ಕುಂದಾಪುರಕ್ಕೆ ದೋಣಿಯಲ್ಲಿ ದಾಟಿದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಪಂಚಗಂಗಾವಳಿಯ ನೀರು ನಿಶ್ಚಲವಾಗಿದ್ದ ಬೆಳಗುಗಳಲ್ಲಿ ದೋಣಿ ನಿಂತೇ ಇದೆ, ದಡದ ತೆಂಗಿನ ಸಾಲೇ ಮೆಲ್ಲಗೆ ಹಿಂದಕ್ಕೆ ಸರಿಯುತ್ತಿದೆ ಎಂದು ನನಗೆ ಎಷ್ಟು ಸಲ ಅನಿಸಿಲ್ಲ!

ಆರ್ಯಭಟನ ಮಾತನ್ನು ನಂತರದವರು ಸುಲಭಕ್ಕೆ ಒಪ್ಪಲಿಲ್ಲ. ವರಾಹಮಿಹಿರ ಹಕ್ಕಿಗಳ ಪ್ರಶ್ನೆ ಎತ್ತಿದ: ಭೂಮಿಯೇ ತಿರುಗುವುದಾದರೆ ಆಕಾಶಕ್ಕೆ ಹಾರಿದ ಗಿಡುಗ ಮರಳಿ ತನ್ನ ಗೂಡಿಗೆ ಬರುವುದು ಹೇಗೆ? ಅಷ್ಟರಲ್ಲಿ ಗೂಡು ಎಲ್ಲಿಗೋ ಹೋಗಿರಬೇಕಲ್ಲ? ಇದನ್ನು ದಡ್ಡ ಪ್ರಶ್ನೆ ಎಂದು ನಾನು ಎಂದೂ ಅಂದುಕೊಂಡಿಲ್ಲ. ಚಳಿಗಾಲ ಕಳೆಯುವ ಹೊತ್ತಿಗೆ ನಮ್ಮ ಸೀವುಡ್ಸ್ ಪಕ್ಕದ ಕರಾವೆ ಊರಿನ ಆಚೆ, ಟಿ.ಎಸ್. ಚಾಣಕ್ಯ ಸಂಸ್ಥೆಯ ಹಿಂದಿನ ಜೌಗಿನಲ್ಲಿ ರಾಜಹಂಸಗಳು ಇಳಿಯುತ್ತವೆ. ಖಾಡಿಯಲ್ಲಿ ಭರತ ಏರಿದಾಗ ಎದ್ದು ಈ ಕಡೆ ಬರುತ್ತವೆ, ಇಳಿತವಾದಾಗ ಕೆಸರಿನ ಬಯಲಿಗೆ ವಾಪಸು. ಗುಲಾಬಿ ರೆಕ್ಕೆಗಳ ಆ ದಂಡು ಒಂದು ಸುತ್ತು ಹಾಕಿ ಎದ್ದ ಜಾಗದಲ್ಲೇ ಇಳಿಯುವುದನ್ನು ಕಂಡವರಿಗೆ ವರಾಹಮಿಹಿರನ ಪ್ರಶ್ನೆ ಸಹಜವಾಗಿಯೇ ಬರಬೇಕು. ಗಾಳಿಯೂ ಹಕ್ಕಿಯೂ ಗೂಡೂ ಒಂದೇ ದೋಣಿಯ ಪ್ರಯಾಣಿಕರು ಎಂಬುದು ಅದಕ್ಕೆ ಉತ್ತರ. ಆದರೆ ಉತ್ತರ ಬೇರೆ, ಕಣ್ಣಿಗೆ ಕಾಣುವ ಸಾಕ್ಷಿ ಬೇರೆ. ದೋಣಿಯೊಳಗೇ ಕುಳಿತು, ಹೊರಗಿನ ದಡವನ್ನು ನೋಡದೆ, ದೋಣಿ ತಿರುಗುತ್ತಿದೆ ಎಂದು ತೋರಿಸಬೇಕು. ಆ ಸಾಕ್ಷಿ ಆರ್ಯಭಟನಾದ ಮೇಲೆ ಸಾವಿರದ ಮುನ್ನೂರು ವರ್ಷ ಕಳೆದರೂ ಯಾರಿಗೂ ನಿಚ್ಚಳವಾಗಿ ಸಿಕ್ಕಿರಲಿಲ್ಲ.

ಸಿಕ್ಕಿದ್ದು ಪ್ಯಾರಿಸ್ಸಿನ ಒಂದು ಮನೆಯ ನೆಲಮಾಳಿಗೆಯಲ್ಲಿ, 1851ರ ಜನವರಿಯ ಒಂದು ರಾತ್ರಿ 2 ಗಂಟೆಗೆ. ವೈದ್ಯನಾಗಲು ಹೊರಟು, ರಕ್ತ ಕಂಡರೆ ಆಗದೆ ಆ ಓದು ಬಿಟ್ಟ ಲಿಯಾನ್ ಫುಕೋ ತಾಯಿಯ ಜೊತೆ ವಾಸಿಸುತ್ತಿದ್ದ ಮನೆ ಅದು. ಲೇತ್ ಯಂತ್ರಕ್ಕೆ ಸಿಕ್ಕಿಸಿದ ಸರಳೊಂದು ಕಂಪಿಸುವಾಗ, ಯಂತ್ರ ತಿರುಗಿದರೂ ಸರಳಿನ ಕಂಪನದ ದಿಕ್ಕು ಬದಲಾಗದ್ದನ್ನು ಅವನು ಗಮನಿಸಿದ್ದ. ಲೋಲಕವೂ ಹಾಗೇ ಹಟ ಹಿಡಿದೀತು ಎಂದುಕೊಂಡ. ಎರಡು ಮೀಟರ್ ತಂತಿಗೆ 5 ಕಿಲೋದ ಗುಂಡು ಕಟ್ಟಿದ. ಮೊದಲ ಪ್ರಯತ್ನದಲ್ಲಿ ತಂತಿ ತುಂಡಾಯಿತು. ಮತ್ತೆ ಕಟ್ಟಿದ. ಆ ರಾತ್ರಿ ತೂಗಾಟದ ಗೆರೆ ಮೆಲ್ಲಮೆಲ್ಲಗೆ ಸರಿಯಿತು. ಮರುತಿಂಗಳು ಪ್ಯಾರಿಸ್ಸಿನ ವೇಧಶಾಲೆಗೆ ವಿದ್ವಾಂಸರನ್ನು ಕರೆದ. ಭೂಮಿ ತಿರುಗುವುದನ್ನು ನೋಡಲು ಬನ್ನಿ ಎಂಬುದೇ ಆ ಕರೆಯೋಲೆಯ ಸಾರ. ಮಾರ್ಚ್‌ನಲ್ಲಿ ಪ್ಯಾಂಥಿಯನ್ನಿನ ಗುಮ್ಮಟದಿಂದ 67 ಮೀಟರ್ ತಂತಿಯಲ್ಲಿ 28 ಕಿಲೋದ ಗುಂಡು ಇಳಿಬಿಟ್ಟ. ಗುಂಡಿನ ಕೆಳಗಿನ ಮೊಳೆ ಪ್ರತಿ ಸಲ ಹೋಗಿ ಬರುವಾಗ ನೆಲದ ಮರಳಿನ ದಿಬ್ಬವನ್ನು ಎರಡು ಮೂರು ಮಿಲಿಮೀಟರಿನಷ್ಟು ಹೊಸದಾಗಿ ಕೊರೆಯುತ್ತಿತ್ತು. ಊರಿಗೆ ಊರೇ ಬಂದು ನೋಡಿತು.

ನನಗೆ ಈ ಕಥೆಯಲ್ಲಿ ಬಹಳ ಹಿಡಿಸುವುದು ಆ ಮರಳು. ದೊಡ್ಡ ಗುಮ್ಮಟ, ಫ್ರಾನ್ಸಿನ ಅಧ್ಯಕ್ಷನ ಬೆಂಬಲ ಎಲ್ಲ ಇತ್ತು, ನಿಜ. ಆದರೆ ಸಾಕ್ಷಿ ಹೇಳಿದ್ದು ಒಂದು ಹಿಡಿ ಮರಳು. ಅಂಗಳದಲ್ಲಿ ರಂಗೋಲಿ ಪುಡಿ ಉದುರಿಸಿ ಬೆಳೆದ ನನಗೆ ಅದು ಪರಕೀಯ ಅನಿಸುವುದಿಲ್ಲ.

ಇಂಥ ಲೋಲಕವನ್ನು ನಾನು ಮೊದಲು ಕಣ್ಣಾರೆ ಕಂಡದ್ದು ಪುಣೆಯಲ್ಲಿ. ಫೆಬ್ರವರಿ 28ರ ವಿಜ್ಞಾನ ದಿನ. ಮೊಮ್ಮಗಳನ್ನು ಕರೆದುಕೊಂಡು ನೇರೂಳಿನ ಎಲ್‌ಪಿ ನಿಲ್ದಾಣದಲ್ಲಿ ಬಸ್ಸು ಹಿಡಿದು ಘಟ್ಟ ಹತ್ತಿದೆ. ವಿಶ್ವವಿದ್ಯಾಲಯದ ಆವರಣದಲ್ಲಿರುವ ಅಯೂಕಾ ಸಂಸ್ಥೆ ಆ ದಿನ ಸಾರ್ವಜನಿಕರಿಗೆ ತೆರೆದಿರುತ್ತದೆ. 1988ರಲ್ಲಿ ಜಯಂತ ನಾರಳೀಕರರು ಕಟ್ಟಿ ಬೆಳೆಸಿದ ಖಗೋಳ ವಿಜ್ಞಾನದ ಕೇಂದ್ರ ಅದು. ಕಟ್ಟಡದ ವಿನ್ಯಾಸ ಚಾರ್ಲ್ಸ್ ಕೊರಿಯಾ ಅವರದು. ನಡುವಿನ ಅಂಗಳದಲ್ಲಿ ಆರ್ಯಭಟ, ಗೆಲಿಲಿಯೋ, ನ್ಯೂಟನ್, ಐನ್‌ಸ್ಟೈನ್ ನಾಲ್ವರ ಪ್ರತಿಮೆಗಳಿವೆ. ಆರ್ಯಭಟನ ಮುಂದೆ ನಾನು ಚಪ್ಪಲಿ ಕಳಚಿ ನಿಂತೆ. ಸಾವಿರದ ಐನೂರು ವರ್ಷದ ಹಿಂದೆ ಅವನು ಹೇಳಿದ ಮಾತಿನ ಸಾಕ್ಷಿ ಅದೇ ಆವರಣದಲ್ಲಿ ತೂಗುತ್ತಿದೆ ಎಂಬುದು ನನಗೆ ಸಣ್ಣ ವಿಷಯವಾಗಿರಲಿಲ್ಲ.

ಲೋಲಕದ ಸುತ್ತ ಜನ ಬರುತ್ತಿದ್ದರು, ಹೋಗುತ್ತಿದ್ದರು. ಮಕ್ಕಳು ಅರ್ಧ ನಿಮಿಷ ನೋಡಿ, “ತಿರುಗ್ತಾನೇ ಇಲ್ಲ” ಎಂದು ದೂರದರ್ಶಕದ ಸಾಲಿಗೆ ಓಡುತ್ತಿದ್ದರು. ಅವರ ತಪ್ಪಲ್ಲ. ಪುಣೆಯಲ್ಲಿ ಅದು ಗಂಟೆಗೆ ಐದು ಡಿಗ್ರಿಯೂ ಸರಿಯುವುದಿಲ್ಲ, ಪೂರ್ತಿ ಒಂದು ಸುತ್ತಿಗೆ ಮೂರು ದಿನ ಬೇಕು. ನಾವಿಬ್ಬರೂ ನಿಂತೆವು. ಗುಂಡು ಹೋಗಿ ಬರುವ ಗೆರೆ ನೆಲದ ಮೇಲೆ ಎಲ್ಲಿ ಬೀಳುತ್ತದೆ ಎಂದು ಕಣ್ಣಳತೆಯಲ್ಲಿ ಗುರುತಿಟ್ಟುಕೊಂಡೆವು. ಹತ್ತು ನಿಮಿಷ. ಇಪ್ಪತ್ತು. ಮೊಮ್ಮಗಳು ಒಂದು ಕಾಲಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು. ಅರ್ಧ ತಾಸಿನ ಹೊತ್ತಿಗೆ ನನ್ನ ಸೆರಗು ಜಗ್ಗಿ, “ಅಮ್ಮಮ್ಮ, ಇಲ್ಲ್ ಕಾಣಿ” ಎಂದಳು. ಗೆರೆ ನಾವು ಗುರುತಿಟ್ಟ ಜಾಗದಿಂದ ಈಚೆಗೆ ಬಂದಿತ್ತು. ಕೂದಲೆಳೆಯ ಲೆಕ್ಕವಲ್ಲ, ಖಂಡಿತವಾಗಿ ಬಂದಿತ್ತು. ಆದರೆ ಗುಂಡು ತಿರುಗಿರಲಿಲ್ಲ. ನಾವು ನಿಂತ ನೆಲ, ಆ ಗೋಡೆ, ಅಂಗಳದ ಆರ್ಯಭಟ, ಘಟ್ಟದ ಕೆಳಗಿನ ನಮ್ಮ ಮನೆ, ಎಲ್ಲ ಆ ಅರ್ಧ ತಾಸಿನಲ್ಲಿ ಗುಂಡಿನ ಕೆಳಗೆ ಅಷ್ಟು ಹೊರಳಿದ್ದವು. ನನ್ನ ಕೈ ತಾನಾಗಿ ಪಕ್ಕದ ಗೋಡೆ ಹಿಡಿಯಿತು.

ಬಸ್ಸಿನಲ್ಲಿ ವಾಪಸು ಬರುವಾಗ ಅವಳ ಪ್ರಶ್ನೆ: ಭೂಮಿಗೆ ಒಂದು ಸುತ್ತಿಗೆ ಒಂದು ದಿನ ಸಾಕು, ಹಾಗಿದ್ದರೆ ಲೋಲಕಕ್ಕೆ ಯಾಕೆ ಮೂರು ದಿನ? ಅವಳಿಗೆ ಬೀಸುಕಲ್ಲಿನ ಉಪಮೆ ಕೊಟ್ಟೆ. ಬೀಸುಕಲ್ಲಿನ ನಟ್ಟನಡುವೆ ಒಂದು ಇರುವೆ ಕೂತಿದೆ ಎಂದುಕೋ. ಕಲ್ಲು ಒಂದು ಸುತ್ತು ಬಂದರೆ ಇರುವೆಯ ಕಾಲಡಿಯ ನೆಲವೂ ಪೂರ್ತಿ ಒಂದು ಸುತ್ತು ತಿರುಗುತ್ತದೆ. ಉತ್ತರ ಧ್ರುವದಲ್ಲಿ ನಿಂತವರ ಪಾಡು ಅದು, ಅಲ್ಲಿ ಲೋಲಕಕ್ಕೂ ಒಂದೇ ದಿನ ಸಾಕು. ಇನ್ನು ಇರುವೆ ಕಲ್ಲಿನ ಹೊರಮೈಗೆ, ಪಕ್ಕದ ಗೋಡೆಗೆ ಅಂಟಿಕೊಂಡಿದೆ ಎಂದುಕೋ. ಕಲ್ಲು ಅದನ್ನು ಹೊತ್ತು ಸುತ್ತುತ್ತದೆ, ಆದರೆ ಕಾಲಡಿಯ ನೆಲ ಗಿರಕಿ ಹೊಡೆಯುವುದಿಲ್ಲ. ಭೂಮಧ್ಯರೇಖೆಯವರ ಪಾಡು ಇದು, ಅಲ್ಲಿ ಲೋಲಕದ ಗೆರೆ ಎಷ್ಟು ದಿನ ಕಾದರೂ ಸರಿಯದು. ನಮ್ಮಂಥವರು ಇವೆರಡರ ನಡುವೆ. ಉತ್ತರಕ್ಕೆ ಹೋದಷ್ಟೂ ಬೇಗ, ದಕ್ಷಿಣಕ್ಕೆ ಇಳಿದಷ್ಟೂ ನಿಧಾನ. ಪ್ಯಾರಿಸ್ಸಿನಲ್ಲಿ ಸುಮಾರು 32 ಗಂಟೆ, ದೆಹಲಿಯಲ್ಲಿ 50, ಸೀವುಡ್ಸ್‌ನಲ್ಲಿ 73 ಗಂಟೆ ಮತ್ತು ಒಂದರ್ಧ.

ಅಕ್ಷಾಂಶ ತಿಳಿದರೆ ಲೆಕ್ಕ ಹಾಕುವುದು ಕಷ್ಟವಲ್ಲ. ಒಂದು ಸಲ ಊರಿಗೆ ಹೋಗುವಾಗ ಮತ್ಸ್ಯಗಂಧ ಗಾಡಿಯಲ್ಲಿ ಕೂತು ಕಾಗದದ ಮೇಲೆ ಅದನ್ನೇ ಮಾಡಿದೆ. ಪನ್ವೇಲ್ ಬಿಟ್ಟಾಗ ಲೋಲಕದ ಸುತ್ತು 73 ಗಂಟೆ ಚಿಲ್ಲರೆ. ರತ್ನಾಗಿರಿಗೆ 82. ಮಡಗಾಂವಿಗೆ 91. ಕಾರವಾರಕ್ಕೆ 94ರ ಹತ್ತಿರ. ಕುಂದಾಪುರದಲ್ಲಿ ಇಳಿಯುವಾಗ ನೂರು ದಾಟಿ 101 ಮತ್ತು ಅರ್ಧ. ಮಲಗದೆ ಮುಂದೆ ಹೋದರೆ ಕಾಸರಗೋಡಿಗೆ 110. ಬಯಲುಸೀಮೆಯ ಬೀದರಿನವರಿಗೆ 78 ಗಂಟೆ ಸಾಕು, ಗಡಿನಾಡಿನ ಕನ್ನಡಿಗರು ಅವರಿಗಿಂತ 32 ಗಂಟೆ ಹೆಚ್ಚು ಕಾಯಬೇಕು! ಊರು ಹತ್ತಿರವಾದಷ್ಟೂ ಲೋಲಕ ನಿಧಾನವಾಗುತ್ತದೆ ಎಂಬುದು ನನಗೆ ಬಹಳ ಹಿತವಾದ ವಿಷಯ. ಊರಿನ ದಿನಗಳು ಉದ್ದ ಎಂದು ನಾವೆಲ್ಲ ಸುಮ್ಮನೆ ಹೇಳುತ್ತೇವೆ. ಈ ಒಂದು ಗಡಿಯಾರದಲ್ಲಾದರೂ ಅದು ಲೆಕ್ಕಕ್ಕೆ ಸರಿಯಾಗಿಯೇ ಉದ್ದ.

ಪುಣೆಯಿಂದ ಬಂದ ಮೇಲೆ ಮನೆಯಲ್ಲೇ ಒಂದು ಕಟ್ಟೋಣ ಎಂದು ಮೊಮ್ಮಗಳು ಹಿಡಿದ ಹಟ ಬಿಡಲಿಲ್ಲ. ಮೊದಲು ಹಾಲಿನ ಫ್ಯಾನು ಬಿಚ್ಚಿ ಅದರ ಕೊಂಡಿಗೆ ಗಾರೆಯವರ ತೂಗುಗುಂಡು ಕಟ್ಟಿದೆವು. ಇಲ್ಲಿನ ಗಾರೆಯವರು ಅದನ್ನು ಓಳಂಬಾ ಎನ್ನುತ್ತಾರೆ. ಐದು ನಿಮಿಷ ನೇರ ಹೋಗಿ ಬಂದ ಗುಂಡು ಆಮೇಲೆ ಮೊಟ್ಟೆಯಾಕಾರದಲ್ಲಿ ಸುತ್ತತೊಡಗಿತು. ಕೊಂಡಿ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲ ಇದ್ದರೆ ಹಾಗಾಗುತ್ತದೆ. ತಂತಿ ಗಿಡ್ಡವಾದಷ್ಟೂ ಈ ದೋಷ ಭೂಮಿಯ ತಿರುಗುವಿಕೆಯನ್ನೇ ಮುಚ್ಚಿಹಾಕುತ್ತದೆ. ಫುಕೋ ಎರಡು ಮೀಟರಿನಿಂದ ಅರವತ್ತೇಳಕ್ಕೆ ಹೋದದ್ದು ಆಡಂಬರಕ್ಕಲ್ಲ ಎಂದು ಆಗ ಅರ್ಥವಾಯಿತು. ಉದ್ದ ಬೇಕು, ಭಾರ ಬೇಕು, ಮೇಲಿನ ಹಿಡಿತ ಎಲ್ಲ ದಿಕ್ಕಿಗೂ ಒಂದೇ ಸಮ ಇರಬೇಕು.

ನಮ್ಮ ಕಟ್ಟಡ ಹಳೆಯದು, ಐದು ಮಹಡಿ. ಮೆಟ್ಟಿಲುಗಳ ನಡುವೆ ಮೇಲಿಂದ ಕೆಳಗಿನವರೆಗೆ ನಾಲ್ಕಡಿ ಅಗಲದ ತೆರಪಿದೆ. ಸೊಸೈಟಿಯ ಸೆಕ್ರೆಟರಿ ಒಂದು ಭಾನುವಾರದ ಮಟ್ಟಿಗೆ ಒಪ್ಪಿದರು. ಆಟದ ಸಾಮಾನಿನ ಅಂಗಡಿಯಿಂದ ಗುಂಡು ಎಸೆತದ 5 ಕಿಲೋ ಕಬ್ಬಿಣದ ಗುಂಡು ತಂದೆವು, ಫುಕೋನ ನೆಲಮಾಳಿಗೆಯ ಗುಂಡಿನದೇ ತೂಕ. ಗ್ರಿಲ್ ಮಾಡುವವರು ಅದಕ್ಕೊಂದು ಕೊಕ್ಕೆ ಬೆಸೆದು ಕೊಟ್ಟರು. ಒಂಟಿ ಎಳೆಯ ಉಕ್ಕಿನ ತಂತಿ ಹದಿನೈದು ಮೀಟರ್. ಮೇಲ್ಗಡೆ ಅಡ್ಡ ಹಾಕಿದ ಕಬ್ಬಿಣದ ಪಟ್ಟಿಯ ಸಣ್ಣ ತೂತಿಗೆ ತಂತಿಯನ್ನು ಎಲ್ಲ ಬದಿಯಿಂದಲೂ ಬಿಗಿಯಾಗಿ ಕಚ್ಚಿಸಿದೆವು. ಕೆಳಗೆ ಮಕ್ಕಳು ಹತ್ತಿರ ಬರದಂತೆ ಸುತ್ತಲೂ ಕುರ್ಚಿ. ನೆಲದ ಮೇಲೆ ಮೊಮ್ಮಗಳು ಸೀಮೆಸುಣ್ಣದಲ್ಲಿ ಒಂದು ವೃತ್ತ ಬರೆದಳು.

ಗುಂಡನ್ನು ಕೈಯಿಂದ ಬಿಡುವ ಹಾಗಿಲ್ಲ. ಎಷ್ಟು ಜೋಪಾನ ಮಾಡಿದರೂ ಕೈ ಒಂದಿಷ್ಟು ಪಕ್ಕಕ್ಕೆ ತಳ್ಳಿಯೇ ತಳ್ಳುತ್ತದೆ. ಆದ್ದರಿಂದ ಅದನ್ನು ಒಂದು ಬದಿಗೆ ಎಳೆದು ಹತ್ತಿಯ ದಾರದಿಂದ ಮೆಟ್ಟಿಲ ಕಂಬಿಗೆ ಕಟ್ಟಿ, ಅಲುಗಾಟ ನಿಲ್ಲುವವರೆಗೆ ಕಾದು, ಆಮೇಲೆ ದಾರ ಸುಡಬೇಕು. ನಾನು ದೇವರ ಕೋಣೆಯ ಊದುಬತ್ತಿ ತಂದಿದ್ದೆ. ಕೆಂಡದ ತುದಿ ದಾರಕ್ಕೆ ತಾಗಿತು. ದಾರದ ಎಳೆಗಳು ಒಂದೊಂದಾಗಿ ಕಪ್ಪಾಗಿ, ಸುರುಳಿಯಾಗಿ, ಕೊನೆಯ ಎಳೆ ತುಂಡಾದಾಗ ಸದ್ದೇ ಆಗಲಿಲ್ಲ. ಗುಂಡು ಹೊರಟಿತು. ಒಂದು ಸಲ ಹೋಗಿ ಬರಲು ಸುಮಾರು ಎಂಟು ಸೆಕೆಂಡು. ಐದೂ ಮಹಡಿಯ ಕಟಕಟೆಗೆ ಒರಗಿ ನೋಡುತ್ತಿದ್ದವರ ಮಾತು ಅಷ್ಟರಲ್ಲೇ ನಿಂತಿತ್ತು. ಕುಕ್ಕರಿನ ಸೀಟಿ ಒಂದು ಎಲ್ಲೋ ಕೂಗಿತು. ನಲವತ್ತು ನಿಮಿಷಕ್ಕೆ ಗೆರೆಯ ತುದಿ ಸೀಮೆಸುಣ್ಣದ ಗುರುತಿನಿಂದ ಎರಡು ಬೆರಳಷ್ಟು ಸರಿದಿತ್ತು, ಗಡಿಯಾರದ ಮುಳ್ಳು ಹೋಗುವ ದಿಕ್ಕಿಗೆ, ಲೆಕ್ಕ ಹೇಳಿದ ಕಡೆಗೇ. ಮೂರನೆಯ ಮಹಡಿಯ ಕಾಕು ತುಸು ಹೊತ್ತು ಆ ಎರಡು ಬೆರಳನ್ನೇ ನೋಡಿ ಕೇಳಿದರು, “ಮ್ಹಣ್ಜೆ ಆಪ್ಲಿ ಬಿಲ್ಡಿಂಗ್ ಫಿರ್ತೆ?” ಹಾಗಾದರೆ ನಮ್ಮ ಬಿಲ್ಡಿಂಗೇ ತಿರುಗುತ್ತದಾ? ಹೌದು ಕಾಕು, ತಿರುಗುತ್ತದೆ, ಎಂದೆ. ಅವರು ಕಟಕಟೆಯ ಕಂಬಿಯನ್ನು ಅಂಗೈಯಿಂದ ಮುಟ್ಟಿ ನೋಡಿದರು.

ಒಂದು ತಾಸಿಗೆ ತೂಗಾಟ ಸಣ್ಣದಾಯಿತು. ಗಾಳಿಯ ತಡೆಯೇ ಅದಕ್ಕೆ ಕಾರಣ. ದಿನಗಟ್ಟಲೆ ತೂಗುವ ಲೋಲಕಗಳಲ್ಲಿ ವಿದ್ಯುತ್ಕಾಂತದಿಂದ ಪ್ರತಿ ತೂಗಿಗೂ ಚೂರು ಚೂರು ಸೆಳೆತ ಕೊಡುತ್ತಾರೆ, ಗೆರೆಯ ದಿಕ್ಕಿಗೆ ಧಕ್ಕೆಯಾಗದ ಹಾಗೆ. ಸಂಜೆ ಗುಂಡು ಬಿಚ್ಚಿ, ನೆಲ ಒರೆಸಿದೆವು.

ಅಂದಿನಿಂದ ನನ್ನ ಮನಸ್ಸಿನಲ್ಲಿ ಒಂದು ಮಾತು ಕೂತಿದೆ. ಈ ಲೋಲಕವನ್ನು ನಾವು ತಪ್ಪು ಜಾಗಗಳಲ್ಲಿ ತೂಗುಹಾಕುತ್ತಿದ್ದೇವೆ. ವಸ್ತುಸಂಗ್ರಹಾಲಯಕ್ಕೆ ಹೋಗುವವರು ವರ್ಷಕ್ಕೊಮ್ಮೆ ಹೋಗುತ್ತಾರೆ, ಎರಡು ನಿಮಿಷ ನಿಲ್ಲುತ್ತಾರೆ. ನ್ಯೂಯಾರ್ಕಿನ ವಿಶ್ವಸಂಸ್ಥೆಯ ಕಟ್ಟಡದಲ್ಲಿ ನೆದರ್ಲೆಂಡ್ಸ್ ಕೊಟ್ಟ ಲೋಲಕ 1955ರಿಂದ ತೂಗುತ್ತಿದೆ. ದೆಹಲಿಯ ಹೊಸ ಸಂಸತ್ ಭವನದಲ್ಲೂ ಒಂದಿದೆ. 2023ರಲ್ಲಿ ಭವನ ತೆರೆದಾಗ ಸಂವಿಧಾನ ಸಭಾಂಗಣದ ಮಾಳಿಗೆಯಿಂದ ಇಳಿಬಿಟ್ಟದ್ದು, 22 ಮೀಟರ್ ಎತ್ತರ, 36 ಕಿಲೋ ಗುಂಡು, ಕೋಲ್ಕತ್ತದಲ್ಲಿ ನಮ್ಮದೇ ರಾಷ್ಟ್ರೀಯ ವಿಜ್ಞಾನ ವಸ್ತುಸಂಗ್ರಹಾಲಯ ಮಂಡಳಿಯವರು ತಯಾರಿಸಿದ್ದು. ಒಂದು ಸುತ್ತಿಗೆ 49 ಗಂಟೆ 59 ನಿಮಿಷ 18 ಸೆಕೆಂಡು. ವೈಜ್ಞಾನಿಕ ಮನೋಭಾವವನ್ನು ಬೆಳೆಸಿಕೊಳ್ಳುವುದು ಪ್ರಜೆಯ ಕರ್ತವ್ಯ ಎಂದು ಸಂವಿಧಾನದ 51ಎ ವಿಧಿ ಹೇಳುತ್ತದೆ. ಅಂಥ ಸಂವಿಧಾನದ ಹೆಸರಿನ ಸಭಾಂಗಣದಲ್ಲಿ ಅದನ್ನು ಇಟ್ಟದ್ದು ತುಂಬ ಸರಿ. ಆದರೆ ಅಲ್ಲಿಗೆ ದಿನಾ ಹೋಗುವವರು ಎಷ್ಟು ಮಂದಿ?

ಲೋಲಕ ಬೇಡುವುದು ದಿನವೂ ಎರಡು ಸಲ ಒಂದೇ ಜಾಗ ಹಾದುಹೋಗುವವರನ್ನು. ಅಂಥವರು ನಮ್ಮಲ್ಲಿ ಬೇಕಾದಷ್ಟಿದ್ದಾರೆ. ಸೀವುಡ್ಸ್-ದಾರಾವೆಯಲ್ಲಿ ರೈಲು ನಿಲ್ದಾಣವೂ ಮಾಲೂ ಒಂದೇ ಕಟ್ಟಡ. ಗಾಡಿ ಇಳಿದವರು ಅದರ ಒಳಗಿಂದಲೇ ಹೊರಗೆ ಬರುತ್ತಾರೆ, ತಲೆಯ ಮೇಲೆ ಮಹಡಿಗಟ್ಟಲೆ ಎತ್ತರದ ಖಾಲಿ ಜಾಗ. ದೀಪಾವಳಿಗೆ ಅಲ್ಲಿ ಆಕಾಶಬುಟ್ಟಿ ಇಳಿಬಿಡುತ್ತಾರೆ, ಡಿಸೆಂಬರಿಗೆ ನಕ್ಷತ್ರ. ಅದೇ ಎತ್ತರದಿಂದ ಒಂದು ತಂತಿ, ಒಂದು ಗುಂಡು ಇಳಿಯಲಿ. ನೆಲದ ಮೇಲೆ ಡಿಗ್ರಿಗಳನ್ನು ಬರೆದ ಒಂದು ವೃತ್ತ, ಮಕ್ಕಳು ಒರಗಲು ಒಂದು ಕಟಕಟೆ, ಮರಾಠಿಯಲ್ಲಿ ನಾಲ್ಕು ಸಾಲಿನ ವಿವರಣೆ ಇದ್ದರೆ ಸಾಕು. ನಿಲ್ದಾಣ ನಡೆಸುವವರಲ್ಲಿ, ಮಾಲ್ ನಡೆಸುವವರಲ್ಲಿ, ನಗರಪಾಲಿಕೆಯವರಲ್ಲಿ ನನ್ನ ಕೋರಿಕೆ ಇಷ್ಟೇ.

ಲೆಕ್ಕವನ್ನೂ ಕೊಟ್ಟುಬಿಡುತ್ತೇನೆ. ಸೋಮವಾರ ಬೆಳಗ್ಗೆ ಎಂಟಕ್ಕೆ ಗಾಡಿ ಹಿಡಿಯುವವರು ನೋಡುವಾಗ ಗುಂಡು ಉತ್ತರ-ದಕ್ಷಿಣ ತೂಗುತ್ತಿದ್ದರೆ, ರಾತ್ರಿ ಎಂಟಕ್ಕೆ ಅವರು ಮರಳುವಾಗ ಗೆರೆ 59 ಡಿಗ್ರಿ ಸರಿದಿರುತ್ತದೆ. ಮಂಗಳವಾರ ಬೆಳಗ್ಗೆ ಎಂಟಕ್ಕೆ 118. ಮಂಗಳವಾರ ರಾತ್ರಿ ಎಂಟಕ್ಕೆ 176 ಡಿಗ್ರಿ ದಾಟಿ, ಅರ್ಧ ಸುತ್ತು ಮುಗಿಯುತ್ತ ಬಂದು, ಹೆಚ್ಚುಕಡಿಮೆ ಸೋಮವಾರ ಬೆಳಗಿನ ಅದೇ ಗೆರೆಯ ಮೇಲೆ ತೂಗುತ್ತಿರುತ್ತದೆ.